ವಿಂಡೋಸಿನ ಮನೆಯಲ್ಲಿ ಯುನಿಕ್ಸಿನ ಉಪಕರಣಗಳು

ನಮ್ಮ ಸಂಘಗಳ ಕಚೇರಿ ಹೇಗಿರುತ್ತದೆಂಬುದು ಈ ಪತ್ರಿಕೆಯ ವಾಚಕರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಒಂದು ಕಪಾಟು, ಅದರ ತುಂಬ ಹಳೆಯ ಸ್ಮರಣ ಸಂಚಿಕೆಗಳು, ನಾಲ್ಕಾರು ಕುರ್ಚಿ, ಮೂಲೆಯ ಮೇಜಿನ ಮೇಲೆ ಯಾರೋ ಸದಸ್ಯರು ಅಭಿಮಾನದಿಂದ ಕೊಡಿಸಿದ ಒಂದು ಕಂಪ್ಯೂಟರು. ಆ ಕಂಪ್ಯೂಟರು ಬಹುಮಟ್ಟಿಗೆ ವಿಂಡೋಸಿನದು. ಅದರ ಹೊಟ್ಟೆಯಲ್ಲಿ ಸದಸ್ಯರ ಪಟ್ಟಿ ಇರುತ್ತದೆ. ಪಟ್ಟಿ ಎಂದರೆ ಒಂದಲ್ಲ. ಒಬ್ಬೊಬ್ಬ ಕಾರ್ಯದರ್ಶಿಗಳ ಕಾಲದ್ದು ಒಂದೊಂದು. ಡೊಂಬಿವಲಿಯಿಂದ ಠಾಣೆಗೆ ಮನೆ ಬದಲಾಯಿಸಿದವರು ಎರಡು ಪಟ್ಟಿಗಳಲ್ಲಿಯೂ ಇದ್ದಾರೆ. ತೀರಿಕೊಂಡ ಹಿರಿಯರಿಗೆ ವಾರ್ಷಿಕ ಸಭೆಯ ಆಮಂತ್ರಣ ಇನ್ನೂ ಹೋಗುತ್ತಲೇ ಇದೆ. ತಪ್ಪದೆ ವರ್ಗಣಿ ಕೊಡುತ್ತ ಬಂದವರೊಬ್ಬರ ಹೆಸರು ಮಾತ್ರ ಹೇಗೋ ಬಿಟ್ಟುಹೋಗಿ, ಅವರು ಮುನಿಸಿಕೊಂಡು ನಾಡಹಬ್ಬಕ್ಕೆ ಬರುವುದನ್ನೇ ನಿಲ್ಲಿಸಿದ್ದಾರೆ. ಇಂತಹ ಪಟ್ಟಿಗಳನ್ನು ಕೂಡಿಸಿ ಒಂದು ಮಾಡಲು ಇಬ್ಬರು ಉತ್ಸಾಹಿಗಳು ಎಷ್ಟೋ ಶನಿವಾರಗಳನ್ನು ಕಳೆಯಬೇಕಾಗುತ್ತದೆ.

ಇದೇ ಕೆಲಸವನ್ನು ಒಂದೇ ಸಾಲಿನ ಆಜ್ಞೆಯಿಂದ, ಕಾಫಿ ಆರುವುದರೊಳಗಾಗಿ ಮುಗಿಸಿಕೊಡುವ ಉಪಕರಣಗಳು ಐವತ್ತು ವರ್ಷಗಳಿಂದ ಇವೆ. ತೊಡಕು ಇಷ್ಟೇ: ಅವು ಹುಟ್ಟಿದ್ದು ಯುನಿಕ್ಸ್ ಎಂಬ ಬೇರೆ ಮನೆತನದಲ್ಲಿ, ನಮ್ಮಲ್ಲಿರುವುದು ವಿಂಡೋಸಿನ ಮನೆ. ಆ ಮನೆಯ ಉಪಕರಣವನ್ನು ಈ ಮನೆಯಲ್ಲಿ ಬಳಸುವುದು ಹೇಗೆ? ಅದಕ್ಕಾಗಿ ಹೊಸ ಯಂತ್ರ ಕೊಳ್ಳಬೇಕೆ? ಬೇಡ. ಬೇಕೇ ಬೇಕೆಂದು ಮನೆಯ ಹುಡುಗರು ಹೇಳಿದರೆ ನಂಬಬೇಡಿ.

ಮೊದಲು ಆ ಉಪಕರಣಗಳ ಕುಲಗೋತ್ರ ಸ್ವಲ್ಪ ತಿಳಿಯೋಣ. ಅಮೆರಿಕದ ನ್ಯೂಜರ್ಸಿಯಲ್ಲಿ ಬೆಲ್ ಪ್ರಯೋಗಶಾಲೆ ಎಂಬುದೊಂದಿದೆ. ಅಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬಿಬ್ಬರು ೧೯೬೯ರಲ್ಲಿ ಒಂದು ಹಳೆಯ, ಚಿಕ್ಕ ಯಂತ್ರದ ಮೇಲೆ ಯುನಿಕ್ಸನ್ನು ಕಟ್ಟತೊಡಗಿದರು. ಆಗ ಇಂದಿನಂತೆ ಚಿತ್ರಗಳೂ ಇಲ್ಲ, ಇಲಿಯೂ ಇಲ್ಲ. ಬೆರಳಚ್ಚಿನ ಯಂತ್ರದಂತಹ ಟೆಲಿಟೈಪಿನ ಮೇಲೆ ಒಂದು ಸಾಲು ಬರೆದರೆ ಅದೇ ಆಜ್ಞೆ. ಆದುದರಿಂದ ಆಜ್ಞೆಗಳ ಹೆಸರುಗಳೆಲ್ಲ ಜಿಪುಣನ ತಂತಿಯಂತೆ ಚಿಕ್ಕವು. ಅವರ ಸಹೋದ್ಯೋಗಿ ಡಗ್ ಮೆಕ್‌ಇಲ್ರಾಯ್ ಎಂಬುವರಿಗೆ ಬಹಳ ದಿನಗಳಿಂದ ಒಂದು ಹಂಬಲ: ತೋಟಕ್ಕೆ ನೀರುಣಿಸುವ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು. ೧೯೬೪ರಲ್ಲಿಯೇ ಅವರು ಇದನ್ನು ಒಂದು ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರು. ೧೯೭೩ರಲ್ಲಿ ಥಾಂಪ್ಸನ್ನರು ಅದನ್ನು ಯುನಿಕ್ಸಿನಲ್ಲಿ ಸಾಧಿಸಿಕೊಟ್ಟರು. ಅದಕ್ಕೆ ‘ಪೈಪ್’ ಎಂದೇ ಹೆಸರಾಯಿತು. ಬರೆಯುವಾಗ ಒಂದು ನೇರ ಗೆರೆ. ಒಂದು ಪ್ರೋಗ್ರಾಮಿನಿಂದ ಹೊರಬಿದ್ದ ಅಕ್ಷರಗಳು ಆ ಗೆರೆಯ ಮೂಲಕ ಹಾದು ಮತ್ತೊಂದರ ಬಾಯಿಗೆ ಬೀಳುತ್ತವೆ.

ಇದರ ಮಹಿಮೆಯನ್ನು ನಮ್ಮ ಸದಸ್ಯರ ಪಟ್ಟಿಯ ಮೇಲೆಯೇ ಪರೀಕ್ಷಿಸಬಹುದು. ಪ್ರತಿ ಪಟ್ಟಿಯಿಂದಲೂ ಹೆಸರು, ದೂರವಾಣಿ ಈ ಎರಡೇ ಕಂಬಗಳನ್ನು ತೆಗೆದು, ನಡುವೆ ಅಲ್ಪವಿರಾಮವಿಟ್ಟು, ಬರಿಯ ಅಕ್ಷರಗಳ ಫೈಲಾಗಿ ಉಳಿಸಿಕೊಂಡಿದ್ದೇವೆಂದು ಇಟ್ಟುಕೊಳ್ಳಿ. (ವಿಳಾಸವನ್ನು ಸೇರಿಸಬಾರದು, ನಮ್ಮ ವಿಳಾಸಗಳಲ್ಲಿ ಅಲ್ಪವಿರಾಮಗಳಿಗೆ ಬರಗಾಲವಿಲ್ಲ, ಲೆಕ್ಕ ತಪ್ಪುತ್ತದೆ.) ಈಗ ‘ಕ್ಯಾಟ್’ ಎಂಬುದು ಎಲ್ಲ ಫೈಲುಗಳನ್ನೂ ಒಂದರ ಹಿಂದೊಂದು ಸುರಿಯುತ್ತದೆ. ‘ಕಟ್’ ಎಂಬುದು ಎರಡನೆಯ ಕಂಬವನ್ನಷ್ಟೇ, ಎಂದರೆ ದೂರವಾಣಿಯನ್ನಷ್ಟೇ, ಕತ್ತರಿಸಿಕೊಡುತ್ತದೆ. ‘ಸಾರ್ಟ್’ ಅವನ್ನು ಕ್ರಮವಾಗಿ ಜೋಡಿಸುತ್ತದೆ. ಯು, ಎನ್, ಐ, ಕ್ಯೂ ಎಂಬ ನಾಲ್ಕಕ್ಷರದ ‘ಯೂನಿಕ್’, ಪಕ್ಕಪಕ್ಕದ ಸಾಲುಗಳನ್ನು ಹೋಲಿಸಿ ನೋಡುತ್ತದೆ. ಅದರ ಮುಂದೆ ಒಂದು ಅಡ್ಡಗೆರೆಯನ್ನೂ ‘ಡಿ’ ಎಂಬ ಚಿಕ್ಕಕ್ಷರವನ್ನೂ ಬರೆದರೆ ಎರಡು ಸಲ ಬಂದ ಸಂಖ್ಯೆಗಳನ್ನು ಮಾತ್ರ ಹೊರಹಾಕುತ್ತದೆ. ಪಕ್ಕದ ಸಾಲನ್ನಷ್ಟೇ ನೋಡುವ ಸ್ವಭಾವ ಅದರದಾದ್ದರಿಂದಲೇ ‘ಸಾರ್ಟ್’ ಮೊದಲು ಬರಬೇಕಾದದ್ದು. ನಾಲ್ಕು ಉಪಕರಣ, ನಡುವೆ ಮೂರು ಕೊಳವೆ. ಎರಡೆರಡು ಕಡೆ ಹೆಸರಿರುವ ಸದಸ್ಯರೆಲ್ಲರ ದೂರವಾಣಿ ಪರದೆಯ ಮೇಲೆ ನಿಲ್ಲುತ್ತದೆ. ಅದು ಯಾರದೆಂದು ತಿಳಿಯಲು ‘ಗ್ರೆಪ್’ ಇದೆ: ಯಾವ ಸಾಲಿನಲ್ಲಿ ಯಾವ ಮಾತಿದೆಯೆಂದು ಹುಡುಕಿಕೊಡುವ ಆಳು. ಹೆಸರು ವಿಚಿತ್ರವಾಗಿದೆಯೆನ್ನುವಿರಾ? ಥಾಂಪ್ಸನ್ನರ ಹಳೆಯ ಪಠ್ಯಸಂಪಾದಕದಲ್ಲಿ ಹುಡುಕಿ ಮುದ್ರಿಸು ಎನ್ನಲು ಬರೆಯುತ್ತಿದ್ದ ಆಜ್ಞೆಯ ಅಕ್ಷರಗಳನ್ನೇ ಕೂಡಿಸಿ ಓದಿದರೆ ‘ಗ್ರೆಪ್’ ಆಗುತ್ತದೆ. ಇಲ್ಲಿ ಎಲ್ಲ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಮಾತ್ರ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿಯೇ ಬರೆಯಬೇಕು.

ವಿಂಡೋಸಿನ ವಂಶಾವಳಿ ಬೇರೆ. ಅದರ ಅಜ್ಜ ೧೯೮೧ರಲ್ಲಿ ಬಂದ ಡಾಸ್. ಡಾಸಿನಲ್ಲಿ ಬಲಕ್ಕೆ ವಾಲಿದ ಗೆರೆಯನ್ನು ಆಜ್ಞೆಗಳ ಸೂಚನೆಗಾಗಿ ಮೊದಲೇ ಬಳಸಿಬಿಟ್ಟಿದ್ದರು. ೧೯೮೩ರಲ್ಲಿ ಫೈಲುಗಳಿಗೆ ಕೋಣೆಗಳು ಬಂದಾಗ, ಕೋಣೆಯಿಂದ ಕೋಣೆಯನ್ನು ಬೇರ್ಪಡಿಸಲು ಎಡಕ್ಕೆ ವಾಲಿದ ಗೆರೆಯನ್ನು ಹಿಡಿಯಬೇಕಾಯಿತು. ಯುನಿಕ್ಸಿನವರು ಅದೇ ಕೆಲಸಕ್ಕೆ ಬಲವಾಲು ಗೆರೆಯನ್ನು ಬಳಸುತ್ತಾರೆ. ಯುನಿಕ್ಸಿನಲ್ಲಿ ದೊಡ್ಡಕ್ಷರದ ಹೆಸರೂ ಚಿಕ್ಕಕ್ಷರದ ಹೆಸರೂ ಬೇರೆ ಬೇರೆ ಫೈಲು, ವಿಂಡೋಸಿನಲ್ಲಿ ಒಂದೇ. ‘ಫೈಂಡ್’ ಎಂಬ ಆಜ್ಞೆ ಎರಡೂ ಮನೆಗಳಲ್ಲಿದೆ. ಆದರೆ ಯುನಿಕ್ಸಿನ ಫೈಂಡ್ ಫೈಲುಗಳನ್ನು ಹುಡುಕುತ್ತದೆ, ವಿಂಡೋಸಿನ ಫೈಂಡ್ ಫೈಲಿನ ಒಳಗಿನ ಮಾತನ್ನು ಹುಡುಕುತ್ತದೆ. ಒಂದೇ ಹೆಸರಿನ ಇಬ್ಬರಿರುವ ವಠಾರದಲ್ಲಿ ಪತ್ರ ಹಂಚುವ ಅಂಚೆಯವನ ಪಾಡು ಇಲ್ಲಿಯೂ ಆಗುವುದುಂಟು.

ಎಲ್ಲಕ್ಕಿಂತ ಕೀಟಲೆಯದು ಸಾಲಿನ ಕೊನೆ. ಟೆಲಿಟೈಪಿನಲ್ಲಿ ಸಾಲು ಮುಗಿದಾಗ ಎರಡು ಕೆಲಸ: ಗಾಡಿಯನ್ನು ಎಡಕ್ಕೆ ತಳ್ಳುವುದು, ಕಾಗದವನ್ನು ಮೇಲಕ್ಕೆ ಸರಿಸುವುದು. ಡಾಸ್, ಅದರ ಹಿಂದೆ ವಿಂಡೋಸ್, ಈ ಎರಡಕ್ಕೂ ಒಂದೊಂದು ಗುರುತನ್ನು ಪ್ರತಿ ಸಾಲಿನ ತುದಿಗೂ ಇಡುತ್ತ ಬಂದವು. ಯುನಿಕ್ಸ್ ಎರಡನೆಯದನ್ನು ಮಾತ್ರ ಇಡುತ್ತದೆ. ಈ ಗುರುತುಗಳು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಪಟ್ಟಿಯಲ್ಲಿ ದೂರವಾಣಿ ಸಾಲಿನ ಕೊನೆಯಲ್ಲಿದೆಯಷ್ಟೆ? ಒಂದು ಪಟ್ಟಿ ವಿಂಡೋಸಿನದು, ಇನ್ನೊಂದು ಯಾರೋ ಲಿನಕ್ಸಿನಲ್ಲಿ ಮಾಡಿದ್ದು ಎಂದಾದರೆ, ಒಂದೇ ಸಂಖ್ಯೆಯ ಹಿಂದೆ ಒಂದು ಕಡೆ ಕಾಣದ ಬಾಲವಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ‘ಯೂನಿಕ್’ ಎರಡನ್ನೂ ಬೇರೆಯೆಂದೇ ಬಗೆಯುತ್ತದೆ. ಪರದೆಯ ಮೇಲೆ ನೋಡಿದರೆ ಅವಳಿಜವಳಿ, ಯಂತ್ರಕ್ಕೆ ಅಪರಿಚಿತರು. ಇದಕ್ಕೆ ಮದ್ದು, ಕೊಳವೆಯ ನಡುವೆ ‘ಟಿ-ಆರ್’ ಎಂಬ ಪುಟ್ಟ ಉಪಕರಣವನ್ನು ಸೇರಿಸಿ ಆ ಬಾಲವನ್ನು ಕತ್ತರಿಸಿಹಾಕುವುದು. ‘ಡಾಸ್-ಟು-ಯುನಿಕ್ಸ್’ ಎಂಬ ಹೆಸರಿನ ಪ್ರೋಗ್ರಾಮೂ ಇದಕ್ಕಾಗಿಯೇ ಇದೆ.

ಇಷ್ಟಕ್ಕೂ ಒಂದು ಮನೆಯ ಪ್ರೋಗ್ರಾಮು ಇನ್ನೊಂದರಲ್ಲಿ ಏಕೆ ನಡೆಯುವುದಿಲ್ಲ? ಒಳಗಿನ ಗಣಿತದ ಚಿಪ್ಪು ಒಂದೇ ಜಾತಿಯದಾಗಿರಬಹುದು. ಆದರೆ ಫೈಲು ತೆರೆಯಲು, ಪರದೆಗೆ ಬರೆಯಲು, ಹೊಸ ಕೆಲಸ ಹುಟ್ಟಿಸಲು ಪ್ರೋಗ್ರಾಮು ಪ್ರತಿ ಸಲವೂ ಆಪರೇಟಿಂಗ್ ಸಿಸ್ಟಂನ ತಿರುಳನ್ನು, ಎಂದರೆ ಕರ್ನೆಲನ್ನು, ಕೇಳಿಕೊಳ್ಳಬೇಕು. ಕೇಳುವ ಭಾಷೆ ಮನೆಯಿಂದ ಮನೆಗೆ ಬೇರೆ. ನಮಗೆ ಪರಸ್ಥಳದ ಅನುಭವವಿದೆ. ಮನೆಯೊಳಗೆ ಕನ್ನಡ, ತರಕಾರಿಯವನ ಹತ್ತಿರ ಮರಾಠಿ, ಟ್ಯಾಕ್ಸಿಯವನ ಹತ್ತಿರ ಹಿಂದಿ. ಪ್ರೋಗ್ರಾಮಿಗೆ ಇಷ್ಟು ಚತುರತೆಯಿಲ್ಲ. ಹುಟ್ಟಿದ ಭಾಷೆಯೊಂದೇ ಅದಕ್ಕೆ ಗತಿ.

ಪರಿಹಾರಗಳು ಹಲವು ಬಂದಿವೆ. ಮೊದಲನೆಯದು ಉಪಕರಣವನ್ನೇ ವಿಂಡೋಸಿನ ಭಾಷೆಯಲ್ಲಿ ಮರಳಿ ಕಟ್ಟುವುದು. ‘ಬಿಜಿಬಾಕ್ಸ್’ ಎಂಬುದು ಇಂತಹ ನೂರಾರು ಉಪಕರಣಗಳನ್ನು ಒಂದೇ ಪುಟ್ಟ ಫೈಲಿನೊಳಗೆ ಅಡಕಿಟ್ಟ ಸಂಗ್ರಹ. ಮೂಲತಃ ಲಿನಕ್ಸಿನದು, ವಿಂಡೋಸಿಗಾಗಿ ಕಟ್ಟಿದ ರೂಪವೂ ಸಿಗುತ್ತದೆ. ಸ್ಥಾಪನೆಯ ಗೊಡವೆಯಿಲ್ಲ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು. ಹಳೆಯ, ದುರ್ಬಲ ಯಂತ್ರಕ್ಕೆ ಇದು ಚೆನ್ನ.

ಎರಡನೆಯದು ದುಭಾಷಿಯನ್ನು ನೇಮಿಸಿಕೊಳ್ಳುವುದು. ಸಿಗ್ನಸ್ ಎಂಬ ಅಮೆರಿಕನ್ ಕಂಪನಿಯಲ್ಲಿ ಸ್ಟೀವ್ ಚೇಂಬರ್ಲೇನ್ ೧೯೯೫ರಲ್ಲಿ ಪ್ರಾರಂಭಿಸಿದ ‘ಸಿಗ್‌ವಿನ್’ ಇದರಲ್ಲಿ ಹಿರಿಯದು. ಯುನಿಕ್ಸಿನ ಪ್ರೋಗ್ರಾಮನ್ನು ಅದರ ಜೊತೆ ಮತ್ತೊಮ್ಮೆ ಕಟ್ಟಿದರೆ, ಪ್ರೋಗ್ರಾಮು ಯುನಿಕ್ಸಿನಂತೆ ಕೇಳುತ್ತದೆ. ನಡುವೆ ಕುಳಿತ ಒಂದು ಗ್ರಂಥಾಲಯ ಫೈಲು ಅದನ್ನು ವಿಂಡೋಸಿಗೆ ತಿಳಿಸಿ ಹೇಳುತ್ತದೆ. ದುಭಾಷಿಯಿದ್ದ ಕಡೆ ಮಾತು ನಿಧಾನವಾಗುವುದು ಸಹಜ. ಯುನಿಕ್ಸಿನಲ್ಲಿ ಒಂದು ಕೆಲಸ ತನ್ನ ತದ್ರೂಪವನ್ನು ಕ್ಷಣದಲ್ಲಿ ಹಡೆಯಬಲ್ಲದು. ಅದಕ್ಕೆ ‘ಫೋರ್ಕ್’ ಎನ್ನುತ್ತಾರೆ. ವಿಂಡೋಸಿನಲ್ಲಿ ಆ ಪದ್ಧತಿಯೇ ಇಲ್ಲದ್ದರಿಂದ ಸಿಗ್‌ವಿನ್ ಅದನ್ನು ಕಷ್ಟಪಟ್ಟು ಅಭಿನಯಿಸಬೇಕಾಗುತ್ತದೆ. ಸಾವಿರ ಚಿಕ್ಕ ಕೆಲಸಗಳನ್ನು ಹುಟ್ಟಿಸುವ ಆಜ್ಞಾಪತ್ರ ಕೊಟ್ಟಾಗ ಇದರ ಏದುಸಿರು ಕೇಳಿಸುತ್ತದೆ.

ಇದೇ ವಂಶದ ಕುಡಿ ‘ಎಂಸಿಸ್ ೨’. ಪ್ರೋಗ್ರಾಮು ಬರೆಯುವವರೆಲ್ಲ ಬಳಸುವ ‘ಗಿಟ್’ ಎಂಬುದನ್ನು ವಿಂಡೋಸಿನಲ್ಲಿ ಸ್ಥಾಪಿಸಿದರೆ, ಅದರ ಜೊತೆಗೆ ‘ಗಿಟ್ ಬ್ಯಾಶ್’ ಎಂಬ ಕಿಟಕಿಯೊಂದು ಪುಕ್ಕಟೆಯಾಗಿ ಬರುತ್ತದೆ. ಅದು ಈ ಎಂಸಿಸ್ ೨ರ ಮೇಲೆ ನಿಂತದ್ದು. ಗ್ರೆಪ್, ಸಾರ್ಟ್, ಯೂನಿಕ್, ಕಟ್ ಎಲ್ಲವೂ ಅದರಲ್ಲಿವೆ. ಮನೆಯಲ್ಲಿ ಮಗಳೋ ಸೊಸೆಯೋ ಕಂಪ್ಯೂಟರ್ ಕೆಲಸದಲ್ಲಿದ್ದರೆ ಅವರ ಲ್ಯಾಪ್‌ಟಾಪಿನಲ್ಲಿ ಇದು ಈಗಾಗಲೇ ಇರುವ ಸಂಭವ ಹೆಚ್ಚು. ನಮ್ಮ ಪಟ್ಟಿಯ ಕೆಲಸಕ್ಕೆ ಇಷ್ಟು ಧಾರಾಳವಾಗಿ ಸಾಕೆಂಬುದು ನನ್ನ ಅಭಿಪ್ರಾಯ.

ವಿಂಡೋಸಿನವರೇ ಸುಮ್ಮನಿದ್ದರೆ? ಇರಲಿಲ್ಲ. ೧೯೯೩ರ ವಿಂಡೋಸ್ ಎನ್‌ಟಿಯಲ್ಲಿಯೇ ಯುನಿಕ್ಸಿನ ಮಾದರಿಗೆ ಒಂದು ಚಿಕ್ಕ ಕೋಣೆಯಿತ್ತು, ಕುರ್ಚಿ ಮೇಜುಗಳಿರಲಿಲ್ಲ, ಅಷ್ಟೇ. ಬಹಳ ಕಾಲದ ಮೇಲೆ, ೨೦೧೬ರಲ್ಲಿ, ಮೈಕ್ರೋಸಾಫ್ಟ್ ‘ಡಬ್ಲ್ಯುಎಸ್‌ಎಲ್’ ಎಂಬುದನ್ನು ಹೊರತಂದಾಗ ಜನ ಬೆರಗಾದರು. ಸಿಗ್‌ವಿನ್ನಿನಲ್ಲಿ ಪ್ರೋಗ್ರಾಮನ್ನು ಮರಳಿ ಕಟ್ಟಬೇಕಾಗಿತ್ತು. ಇಲ್ಲಿ ಲಿನಕ್ಸಿಗಾಗಿ ಕಟ್ಟಿದ್ದು ಇದ್ದಂತೆಯೇ ನಡೆಯುತ್ತಿತ್ತು. ದುಭಾಷಿ ಈಗ ಕರ್ನೆಲಿನ ಬಾಗಿಲಲ್ಲಿಯೇ ಕುಳಿತಿದ್ದನು. ಆದರೂ ಲಿನಕ್ಸಿನ ಎಲ್ಲ ಮಾತುಗಳೂ ಅವನಿಗೆ ಬರುತ್ತಿರಲಿಲ್ಲ. ೨೦೧೯ರಲ್ಲಿ ಸಾರಿ, ೨೦೨೦ರಲ್ಲಿ ಎಲ್ಲರಿಗೂ ದೊರಕಿಸಿದ ಎರಡನೆಯ ಆವೃತ್ತಿಯಲ್ಲಿ ದುಭಾಷಿಯನ್ನೇ ಕೈಬಿಟ್ಟು ನಿಜವಾದ ಲಿನಕ್ಸ್ ಕರ್ನೆಲನ್ನೇ ವಿಂಡೋಸಿನೊಳಗಿನ ಒಂದು ಹಗುರವಾದ ಕಲ್ಪಿತಯಂತ್ರದಲ್ಲಿ ತಂದಿಳಿಸಿದರು. ಬಿಡಾರಕ್ಕೆ ಬಂದವರು ಅಡಿಗೆಯವರನ್ನೂ ಒಲೆಯನ್ನೂ ಜೊತೆಗೇ ಕರೆತಂದ ಹಾಗೆ. ೨೦೨೫ರ ಮೇ ತಿಂಗಳಲ್ಲಿ ಇದರ ಮೂಲಬರೆಹವನ್ನೂ ಬಹುಮಟ್ಟಿಗೆ ಸಾರ್ವಜನಿಕಗೊಳಿಸಿದ್ದಾರೆ.

ಇದನ್ನು ಸ್ಥಾಪಿಸುವುದು ಕಷ್ಟವಲ್ಲ. ವಿಂಡೋಸ್ ೧೧ ಇದ್ದರೆ, ಇಲ್ಲವೆ ವಿಂಡೋಸ್ ೧೦ರ ೨೦೨೦ರ ನಂತರದ ಆವೃತ್ತಿಯಿದ್ದರೆ, ಪವರ್‌ಶೆಲನ್ನು ಆಡಳಿತಾಧಿಕಾರದೊಡನೆ ತೆರೆದು, ಡಬ್ಲ್ಯು, ಎಸ್, ಎಲ್ ಎಂಬ ಮೂರಕ್ಷರ, ಒಂದು ತೆರವು, ಎರಡು ಅಡ್ಡಗೆರೆ, ಅದಕ್ಕಂಟಿದಂತೆ ‘ಇನ್‌ಸ್ಟಾಲ್’ ಎಂದು ಬರೆದು ಒತ್ತಬೇಕು. ಉಬುಂಟು ಎಂಬ ಲಿನಕ್ಸ್ ಇಳಿದು ಬರುತ್ತದೆ. ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಪ್ರಾರಂಭಿಸಿದರೆ ಹೆಸರನ್ನೂ ಗುಪ್ತಪದವನ್ನೂ ಕೇಳುತ್ತದೆ. ಕೆಲವು ಯಂತ್ರಗಳಲ್ಲಿ ‘ವರ್ಚುವಲೈಸೇಷನ್’ ಎಂಬ ಸೌಕರ್ಯವನ್ನು ಮೊದಲು ಬಯಾಸಿನಲ್ಲಿ ತೆರೆದಿಡಬೇಕಾಗುತ್ತದೆ. ಅದನ್ನು ತಿಳಿದವರ ಕೈಯಲ್ಲಿ ಮಾಡಿಸುವುದು ಲೇಸು. ವಿಂಡೋಸಿನ ‘ಸಿ’ ಡ್ರೈವು ಲಿನಕ್ಸಿಗೆ ‘ಎಂಎನ್‌ಟಿ’ ಎಂಬ ಕೋಣೆಯೊಳಗಿನ ‘ಸಿ’ ಆಗಿ ಕಾಣುತ್ತದೆ. ಆದರೆ ಎರಡನೆಯ ಆವೃತ್ತಿಯಲ್ಲಿ ಈ ಗಡಿ ದಾಟುವ ಕೆಲಸ ನಿಧಾನ. ಸಾವಿರಾರು ಫೈಲುಗಳ ಮೇಲೆ ಕೆಲಸವಿದ್ದರೆ ಅವನ್ನು ಲಿನಕ್ಸಿನ ಮನೆಗೇ ನಕಲು ಮಾಡಿಕೊಳ್ಳುವುದು ಜಾಣತನ.

ಇನ್ನು ಕನ್ನಡದ ಮಾತು. ಇದನ್ನು ಇಂಗ್ಲಿಷಿನ ಕೈಪಿಡಿಗಳು ನಮಗಾಗಿ ಬರೆಯುವುದಿಲ್ಲ. ನಮ್ಮ ನಷ್ಟವೂ ಇಲ್ಲಿಯೇ ಹೆಚ್ಚು. ಎಕ್ಸೆಲಿನ ಪಟ್ಟಿಯನ್ನು ಅಕ್ಷರಫೈಲಾಗಿ ಉಳಿಸುವಾಗ ಅದು ‘ಸಿಎಸ್‌ವಿ’ ಎಂದು ಒಂದಕ್ಕಿಂತ ಹೆಚ್ಚು ಬಗೆಗಳನ್ನು ತೋರಿಸುತ್ತದೆ. ಬರಿಯ ಸಿಎಸ್‌ವಿಯನ್ನು ಆರಿಸಿದರೆ ಕನ್ನಡದ ಒಂದೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಹಾಗೆ ಆದಮೇಲೆ ಆ ಫೈಲಿನಿಂದ ಹೆಸರುಗಳನ್ನು ಮರಳಿ ಪಡೆಯುವ ಯಾವ ಉಪಕರಣವೂ ಯಾವ ಮನೆಯಲ್ಲಿಯೂ ಇಲ್ಲ. ಮೂಲ ಪಟ್ಟಿಯನ್ನು ಅಳಿಸಿಬಿಟ್ಟಿದ್ದರೆ ಸದಸ್ಯರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳೇ. ಆದುದರಿಂದ ‘ಯುಟಿಎಫ್-೮’ ಎಂದು ಬರೆದಿರುವ ಸಿಎಸ್‌ವಿಯನ್ನೇ ಆರಿಸಬೇಕು. ಅದರಲ್ಲಿಯೂ ಒಂದು ಕಿತಾಪತಿಯುಂಟು: ಫೈಲಿನ ಮೊತ್ತಮೊದಲಿಗೆ ಮೂರು ಬೈಟುಗಳ ಕಾಣದ ಮುದ್ರೆಯೊಂದನ್ನು ಎಕ್ಸೆಲ್ ಒತ್ತುತ್ತದೆ. ಮೊದಲನೆಯ ಸಾಲಿನ ಮೊದಲನೆಯ ಹೆಸರು ಹುಡುಕಿದಾಗ ಸಿಗದೆ ಹೋದರೆ ಈ ಮುದ್ರೆಯನ್ನು ಸಂದೇಹಿಸಬಹುದು.

ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಕನ್ನಡ’ ಎಂಬುದು ನಮಗೆ ಮೂರಕ್ಷರ; ಯಂತ್ರಕ್ಕೆ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು ಐದು ಸಂಕೇತ, ಹದಿನೈದು ಬೈಟು. ಎಣಿಸುವ ಉಪಕರಣ ‘ಡಬ್ಲ್ಯು-ಸಿ’ಗೆ ‘ಸಿ’ ಎಂಬ ಸೂಚನೆ ಕೊಟ್ಟರೆ ಬೈಟುಗಳನ್ನೂ ‘ಎಂ’ ಎಂಬ ಸೂಚನೆ ಕೊಟ್ಟರೆ ಸಂಕೇತಗಳನ್ನೂ ಹೇಳುತ್ತದೆ. ಸಾಲಿನ ಕೊನೆಯ ಗುರುತು ಸೇರಿ ಯುನಿಕ್ಸಿನ ಫೈಲಿನಲ್ಲಿ ಹದಿನಾರು ಬೈಟು, ವಿಂಡೋಸಿನದರಲ್ಲಿ ಹದಿನೇಳು. ಲೇಖನ ಇಷ್ಟೇ ಅಕ್ಷರವಿರಬೇಕೆಂದು ಕಟ್ಟುನಿಟ್ಟು ಮಾಡುವ ಸಂಪಾದಕರು ಈ ಲೆಕ್ಕವನ್ನು ಗಮನಿಸಬೇಕು! ವರ್ಣಮಾಲೆಯ ಕ್ರಮದಲ್ಲಿ ಮಾತ್ರ ಯಂತ್ರ ನಮ್ಮನ್ನು ಬಹುವಾಗಿ ನಿರಾಶೆಗೊಳಿಸುವುದಿಲ್ಲ; ಸಂಕೇತಗಳ ಕ್ರಮದಲ್ಲಿಯೇ ಜೋಡಿಸಿದರೂ ಕಾಗುಣಿತ ಮುಗಿದ ಮೇಲೆ ಒತ್ತಕ್ಷರ ಬರುತ್ತದೆ, ನಮ್ಮ ನಿಘಂಟುಗಳಲ್ಲಿರುವಂತೆ.

ವಿಂಡೋಸಿನ ಕಪ್ಪು ಕಿಟಕಿಯಲ್ಲಿ ಕನ್ನಡ ಗೀಚುಗೀಚಾಗಿ ಕಂಡರೆ ಫೈಲು ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಸಿ, ಎಚ್, ಸಿ, ಪಿ ಎಂದು ಬರೆದು, ತೆರವು ಬಿಟ್ಟು, ೬೫೦೦೧ ಎಂಬ ಸಂಖ್ಯೆಯನ್ನು ಇಂಗ್ಲಿಷ್ ಅಂಕೆಗಳಲ್ಲಿ ಕೊಟ್ಟರೆ ಆ ಕಿಟಕಿ ಯುಟಿಎಫ್-೮ಕ್ಕೆ ಹೊಂದಿಕೊಳ್ಳುತ್ತದೆ. ಅಷ್ಟಾದರೂ ಒತ್ತಕ್ಷರಗಳು ಪಕ್ಕಕ್ಕೆ ಜಾರಿ ನಿಲ್ಲಬಹುದು. ಅದು ನೋಟದ ದೋಷ, ಫೈಲಿನದಲ್ಲ. ಪವರ್‌ಶೆಲಿನ ೫.೧ನೆಯ ಆವೃತ್ತಿಯದು ಬೇರೊಂದು ಚಾಳಿ. ಬಾಣದ ಗುರುತಿನಿಂದ ಉತ್ತರವನ್ನು ಫೈಲಿಗೆ ತಿರುಗಿಸಿದರೆ ಅದು ಯುಟಿಎಫ್-೧೬ರಲ್ಲಿ ಬರೆದಿಡುತ್ತದೆ. ಮುಂದೆ ಗ್ರೆಪ್ ಆ ಫೈಲಿನಲ್ಲಿ ಎಷ್ಟು ಹುಡುಕಿದರೂ ಹೆಸರು ಸಿಗುವುದಿಲ್ಲ. ಅಂದ ಹಾಗೆ, ಪವರ್‌ಶೆಲಿನಲ್ಲಿ ‘ಎಲ್‌ಎಸ್’ ಎಂದರೂ ಫೈಲುಗಳ ಪಟ್ಟಿ ಬರುತ್ತದೆ. ಅದು ಯುನಿಕ್ಸಿನ ಎಲ್‌ಎಸ್ ಅಲ್ಲ, ಆ ಹೆಸರಿಟ್ಟುಕೊಂಡ ಬೇರೆ ಆಜ್ಞೆ. ಯುನಿಕ್ಸಿನ ಸೂಚನೆಗಳನ್ನು ಕೊಟ್ಟರೆ ಮುಖ ಸಿಂಡರಿಸುತ್ತದೆ. ‘ಟಾರ್’, ‘ಕರ್ಲ್’ ಎಂಬೆರಡು ನಿಜವಾದ ಯುನಿಕ್ಸ್ ಉಪಕರಣಗಳು ಮಾತ್ರ ೨೦೧೮ರಿಂದ ವಿಂಡೋಸಿನ ಜೊತೆಯಲ್ಲಿಯೇ ಬರುತ್ತಿವೆ.

ಹಳೆಯ ಸ್ಮರಣ ಸಂಚಿಕೆಗಳ ಫೈಲುಗಳಿಗೆ ಈ ಯಾವ ಉಪಾಯವೂ ನೇರವಾಗಿ ಸಲ್ಲುವುದಿಲ್ಲ. ಯುನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಅಕ್ಷರಗಳನ್ನು ಇಂಗ್ಲಿಷ್ ಮೊದಲಾದ ಸಂಕೇತಗಳ ಜಾಗದಲ್ಲಿ ಕೂರಿಸುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್. ಅವುಗಳಲ್ಲಿ ‘ಕನ್ನಡ’ ಎಂದು ಗ್ರೆಪ್ ಮಾಡಿದರೆ ಒಂದೂ ಸಿಗದು. ಮೊದಲು ಪರಿವರ್ತಕದಿಂದ ಯುನಿಕೋಡಿಗೆ ತರಬೇಕು, ಅನಂತರ ಉಪಕರಣ. ಕಪಾಟಿನ ಸಿ.ಡಿ.ಗಳು ಇನ್ನೂ ಓದಿಸಿಕೊಳ್ಳುತ್ತಿರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಬಿನ್ನಹ.

ಎದುರು ದಿಕ್ಕಿನ ಸಂಚಾರವೂ ಇದೆ. ಲಿನಕ್ಸಿನಲ್ಲಿ ವಿಂಡೋಸಿನ ಪ್ರೋಗ್ರಾಮು ನಡೆಸುವ ‘ವೈನ್’ ೧೯೯೩ರಲ್ಲಿ ಪ್ರಾರಂಭವಾಗಿ, ೧.೦ ಎನ್ನಿಸಿಕೊಳ್ಳಲು ೨೦೦೮ರವರೆಗೆ ಕಾಯಿತು. ಬಾಟಲಿಯ ವೈನಿಗೂ ಇದಕ್ಕೂ ಹಳತಾದಷ್ಟೂ ಸ್ವಾರಸ್ಯವೆಂಬುದೊಂದೇ ಸಂಬಂಧ. ಪವರ್‌ಶೆಲ್ ಕೂಡ ೨೦೧೬ರಿಂದ ಲಿನಕ್ಸಿನಲ್ಲಿಯೂ ಮ್ಯಾಕಿನಲ್ಲಿಯೂ ದೊರೆಯುತ್ತಿದೆ. ಮ್ಯಾಕ್ ಯುನಿಕ್ಸಿಗೆ ದಾಯಾದಿ. ಉಪಕರಣಗಳು ಅದರಲ್ಲಿ ಮೊದಲೇ ಇವೆ, ಆದರೆ ಬಿ.ಎಸ್.ಡಿ. ಶಾಖೆಯವು, ‘ಸೆಡ್’ ಮೊದಲಾದವುಗಳ ಸೂಚನೆಗಳಲ್ಲಿ ಲಿನಕ್ಸಿಗೂ ಅದಕ್ಕೂ ಅಲ್ಲಲ್ಲಿ ಭಿನ್ನಾಭಿಪ್ರಾಯವಿದೆ.

ಕೈಹಾಕುವವರಿಗೆ ಒಂದು ಎಚ್ಚರಿಕೆ. ಅಳಿಸುವ ಆಜ್ಞೆ ‘ಆರ್‌ಎಂ’ಗೆ ಕಸದ ಬುಟ್ಟಿಯೆಂಬುದಿಲ್ಲ, ಅಳಿಸಿದ್ದು ಅಳಿಸಿಯೇ ಹೋಯಿತು. ಡಬ್ಲ್ಯುಎಸ್‌ಎಲ್‌ನ ಒಳಗೆ ಕುಳಿತು ‘ಎಂಎನ್‌ಟಿ’ಯ ಕೋಣೆಯಲ್ಲಿ ಅದನ್ನು ಪ್ರಯೋಗಿಸಿದರೆ ವಿಂಡೋಸಿನ ನಿಜವಾದ ಫೈಲುಗಳೇ ಹೋಗುತ್ತವೆ, ಮೊಮ್ಮಗನ ನಾಮಕರಣದ ಫೋಟೋಗಳೂ ಸೇರಿ. ಎಲ್ಲಿಯೋ ಓದಿದ ಆಜ್ಞೆಯನ್ನು ಅರ್ಥ ತಿಳಿಯದೆ ಅಂಟಿಸಬಾರದು. ಪಟ್ಟಿಗಳ ಒಂದು ನಕಲನ್ನು ಬೇರೆ ಕೋಣೆಯಲ್ಲಿ ಮಾಡಿಕೊಂಡು ಆ ನಕಲಿನ ಮೇಲೆಯೇ ಪ್ರಯೋಗ ನಡೆಸಬೇಕು. ಉತ್ತರವನ್ನು ಹೊಸ ಹೆಸರಿನ ಫೈಲಿಗೆ ತಿರುಗಿಸಬೇಕು. ಓದುತ್ತಿರುವ ಫೈಲಿನ ಹೆಸರನ್ನೇ ಬಾಣದ ಮುಂದೆ ಕೊಟ್ಟರೆ, ಓದುವುದಕ್ಕೆ ಮೊದಲೇ ಅದು ಬರಿದಾಗಿಬಿಡುತ್ತದೆ. ಕೆಲಸ ಮುಗಿದ ಮೇಲೆ ‘ಎಕ್ಸಿಟ್’ ಎಂದು ಬರೆದು ಒತ್ತಿದರೆ ಕಪ್ಪು ಕಿಟಕಿ ಮುಚ್ಚಿಕೊಳ್ಳುತ್ತದೆ.